ಕಳೆದುಹಾಕಿದ ಗೆಲಾಕ್ಸಿಗಳು

ಸಂಶೋಧಕಿಯ ಬೆರಳು ಡಿಲೀಟ್ ಗುಂಡಿಯ ಮೇಲೆ ಬಂದು ನಿಂತಿತು. ಗ್ರಾಫಿನಲ್ಲಿ ಕೆಲವು ನಕ್ಷತ್ರಸ್ಫೋಟಗಳು ಗೆರೆಗೆ ಬಾರದೆ ಹಠ ಹಿಡಿದಿದ್ದವು. ಈ ಸೂಪರ್‌ನೋವಾಗಳು ಲೆಕ್ಕಕ್ಕಿಂತ ಜಾಸ್ತಿ ಬೆಳಗಿ, ತಾವು ಹತ್ತಿರವೇ ಇದ್ದೇವೆಂದು ರೈಲು ಬಿಡುತ್ತಿದ್ದವು. ಅಳಿಸಿದರೆ ಮೋಸ, ಉಳಿಸಿದರೆ ಇಂಥ ಸ್ಫೋಟಗಳ ಹೊಳಪಿನಿಂದಲೇ ಅವಳು ವರ್ಷಗಟ್ಟಲೆ ಅಳೆದ ಆಕಾಶದ ದೂರಗಳೆಲ್ಲ ನೀರುಪಾಲು.

“ಸಾಲಲ್ಲಿ ನಿಲ್ಲದವರನ್ನ ಆಚೆ ಕಳ್ಸಮ್ಮಾ!” ಪಕ್ಕದ ಮೇಜಿನ ಗೆಳೆಯ ತಮ್ಮ ಪಿಎಚ್‌ಡಿ ಗೈಡ್ ಸರ್ ಥರ ಮೂಗಿನಲ್ಲೇ ಗುಡುಗಿದ.

“ನಗಿಸ್ಬೇಡ ಕಣೋ, ಕೈತಪ್ಪಿ ಒತ್ತಿಬಿಡ್ತೀನಿ!”

ಕೊನೆಯ ಸಲ ಅವುಗಳ ಮುಖವನ್ನಾದರೂ ನೋಡೋಣವೆಂದು ಅವಳು ಮೂಲ ಚಿತ್ರಗಳನ್ನು ತೆರೆದಳು. ಸ್ಫೋಟದ ಬೆಳಕನ್ನಷ್ಟೇ ಅಳೆಯಲೆಂದು ಸುತ್ತಲಿನ ಗೆಲಾಕ್ಸಿಯ ಬೆಳಕನ್ನು ಅವಳೇ ಲೆಕ್ಕದಿಂದ ಕಳೆದುಹಾಕಿದ್ದಳು. ಆಮೇಲೆ ಅತ್ತ ತಿರುಗಿಯೂ ನೋಡಿರಲಿಲ್ಲ. ಈಗ ನೋಡಿದರೆ, ಹಠಮಾರಿಗಳೆಲ್ಲ ಭಾರೀ ಗೆಲಾಕ್ಸಿಗಳ ಮನೆಮಕ್ಕಳು!

“ಅಯ್ಯೋ, ಸಿಡಿದದ್ದನ್ನ ನೋಡಿದ್ವಿ, ಯಾರ ಮನೇಲಿ ಅಂತ ಕೇಳ್ಲೇ ಇಲ್ವಲ್ಲೋ! ಭಾರೀ ಮನೇಲಿ ಸಿಡಿದವು ಹೊಳೆಯೋದೇ ತುಸು ಜಾಸ್ತಿ!”

ಅವಳು ಪ್ರತಿ ಗೆಲಾಕ್ಸಿಯ ತೂಕವನ್ನೂ ಲೆಕ್ಕಕ್ಕೆ ಸೇರಿಸಿ, ಅದಕ್ಕೆ ತಕ್ಕಂತೆ ಹೊಳಪನ್ನು ತಿದ್ದಿ, ಗ್ರಾಫನ್ನು ಮತ್ತೆ ಬರೆಸಿದಳು. ಗೆಳೆಯ ಕುರ್ಚಿ ಎಳೆದುಕೊಂಡು ಬಂದ. ಮುನಿಸಿಕೊಂಡಿದ್ದ ಚುಕ್ಕಿಗಳು ಒಂದೊಂದಾಗಿ, ನಾಚುತ್ತ ನಾಚುತ್ತ, ಗೆರೆಯ ಕಡೆ ಸರಿಯತೊಡಗಿದವು.