ಆಯಿ ಕೊಡುವ ಔಷಧ

ಅತ್ತೆ ತೀರಿಕೊಂಡು ನಲವತ್ತು ದಿನ. ಆದರೂ ಮಗುವಿಗೆ ಔಷಧ ಕೊಡುವುದನ್ನು ಬಿಟ್ಟಿಲ್ಲ.

ಸಪನಾಗೆ ಇದು ಗೊತ್ತಾದದ್ದು ಈಗಷ್ಟೇ, ವಿಶ್ರಾಮಬಾಗದ ಮಕ್ಕಳ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತ ಕೂತಿದ್ದಾಗ. ನರ್ಸು ಆರು ವರ್ಷದ ಮೃಣ್ಮಯಿಯ ತೂಕ ನೋಡಿದಳು. ಮತ್ತೆ ಒಂದು ಕಿಲೋ ಇಳಿದಿತ್ತು. ಮನೆಯಲ್ಲಿ ಔಷಧ ಕೊಡುವವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು. ಮನೆಮಾತು ಕನ್ನಡವಾದರೂ ಮಗಳೂ ಮರಾಠಿಯಲ್ಲೇ ಉತ್ತರ ಕೊಟ್ಟಳು.

"ಆಯಿ ದೇತೆ."

ದೇತೆ ಅಂದಳು. ಕೊಡುತ್ತಾಳೆ. ಕೊಡುತ್ತಿದ್ದಳು ಅಲ್ಲ.

ಆ ಮನೆಯಲ್ಲಿ ಅಜ್ಜಿಯರೆಲ್ಲ ಆಯಿಗಳೇ. ಗಂಡ ಮಂದಾರ ತನ್ನ ಅಜ್ಜಿಯನ್ನು ಕರೆದದ್ದೂ ಹಾಗೆ, ಮೃಣ್ಮಯಿ ಅತ್ತೆ ಲಕ್ಷ್ಮೀಬಾಯಿಯನ್ನು ಕರೆದದ್ದೂ ಹಾಗೆ. ಸಪನಾ ಮಾತ್ರ ಕಾಲಕ್ಕೆ ತಕ್ಕಂತೆ ಮಮ್ಮಿ.

ಇದೇ ಮಾತು ಎರಡೂವರೆ ತಿಂಗಳ ಹಿಂದೆ ಮಿರಜಿನ ಡಾಕ್ಟರ ಮುಂದೆಯೂ ಬಂದಿತ್ತು. ಒಂದನೆಯ ತರಗತಿಗೆ ಸೇರಿದ ಮೇಲೆ ಮಗುವಿಗೆ ಹೊಟ್ಟೆನೋವು ಹತ್ತಿತ್ತು, ಮುಖ ಬಿಳಿಚಿತ್ತು, ಕಲಿತ ಅಕ್ಷರ ಮರೆತುಹೋಗುತ್ತಿತ್ತು. ರಕ್ತ ಪರೀಕ್ಷಿಸಿದರೆ ಸೀಸ. ಹೀಗೇ ಬಿಟ್ಟರೆ ಮಿದುಳಿಗೇ ಪೆಟ್ಟು ಎಂದರು ಆ ಡಾಕ್ಟರು. ಕೆಲವು ನಾಟಿ ಔಷಧಗಳಲ್ಲಿ ಸೀಸ ಇರುತ್ತದೆ ಎಂದು, ಮನೆಯಲ್ಲಿ ಔಷಧ ಯಾರು ಕೊಡುತ್ತಾರೆಂದು ಮಗುವನ್ನೇ ಮರಾಠಿಯಲ್ಲಿ ಕೇಳಿದರು. "ಆಯಿ" ಎಂದಳು ಮೃಣ್ಮಯಿ. ಡಾಕ್ಟರು ಸಪನಾಳ ಮುಖವನ್ನೇ ದುರುಗುಟ್ಟಿ ನೋಡಿ, ಇವತ್ತಿನಿಂದಲೇ ಅದು ಬಂದ್ ಆಗಬೇಕು ಎಂದರು.

ಬಂದ್ ಮಾಡದೆ ಬಿಡುತ್ತಾಳೆಯೇ ಸಪನಾ? ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅತ್ತೆಯ ಮುಂದೆ ನಿಂತಳು.

"ನಾ ಏನೂ ಕೊಟ್ಟಿಲ್ಲವಾ," ಎಂದರು ಲಕ್ಷ್ಮೀಬಾಯಿ. "ಕೂಸಿಗೆ ಹಲ್ಲ ಬರೂತನಾ ಬಜಿ ಬೇರು ತೇದು ನೆಕ್ಕಿಸೀನಿ, ಖರೆ. ಆಮ್ಯಾಲೆ ಆ ಕಲ್ಲ ಮುಟ್ಟಿಲ್ಲ."

"ಕೂಸ ಹೇಳೇತ್ರಿ ಅತ್ತಿ. ಅದೇನು ಸುಳ್ಳ ಹೇಳತೈತಿ?"

ಮೊಮ್ಮಗಳು ಸುಳ್ಳು ಹೇಳುತ್ತಾಳೆ ಎನ್ನಲು ಮುದುಕಿಗೆ ನಾಲಿಗೆ ಏಳಲಿಲ್ಲ. ಮರುದಿನ ಎರಡು ಸೀರೆ ಗಂಟು ಕಟ್ಟಿಕೊಂಡು ಲಿಂಗನೂರಿಗೆ, ಮಗಳು ಗಿರಿಜಾಬಾಯಿಯ ಮನೆಗೆ ಹೋದರು. ಅನ್ನ ಸೇರುವುದಿಲ್ಲ ಎಂದು ಸುದ್ದಿ ಬಂತು. ಒಂದು ತಿಂಗಳಲ್ಲಿ ಸತ್ತ ಸುದ್ದಿಯೂ ಬಂತು. ಮಂದಾರ ಹೆಂಡತಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತೇಯುವ ಕಲ್ಲನ್ನು ಸಪನಾ ತಾನೇ ಹೊತ್ತೊಯ್ದು ಕೃಷ್ಣೆಗೆ ಹಾಕಿ ಬಂದಳು. ಆದರೂ ಅಡುಗೆಮನೆಯಲ್ಲಿ ಬೆನ್ನ ಹಿಂದೆ ಯಾರೋ ನಿಂತಂತೆ ಆಗುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಒಂದೆರಡು ಸಲ ಬಜೆಯ ವಾಸನೆಯೂ ಬಂದಂತಾಯಿತು. ತಪ್ಪು ಮಾಡಿದೆನೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಇಲ್ಲ, ಮಗುವಿಗಾಗಿ ಮಾಡಿದೆ ಎಂದು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದಳು.

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಮಗಳ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದಳು. "ಚಿನ್ನಿ, ಆಯಿ ಯಾವಾಗ ಕೊಡತಾಳ?"

ಮೃಣ್ಮಯಿ ಕಿಲಕಿಲ ನಕ್ಕಳು. "ಮುಂಜಾನೆ. ಅಡಗಿ ಮನ್ಯಾಗ. ನೀ ಅಲ್ಲೇ ಇರತೀಯಲ್ಲ ಮಮ್ಮಿ!"

ಮುಂಜಾನೆ ಅಡುಗೆಮನೆಯಲ್ಲಿ ಇರುವವಳು ಸಪನಾ ಒಬ್ಬಳೇ. ಡಬ್ಬಿ ಕಟ್ಟುವುದು, ಹಾಲು ಕಾಯಿಸುವುದು, ನೆನೆಸಿದ ಬದಾಮಿ ಸುಲಿಯುವುದು, ಬುದ್ಧಿ ಚುರುಕಾಗಲೆಂದು ಶಾಲೆಗೆ ಸೇರಿಸಿದಾಗ ಮೊಬೈಲಿನಲ್ಲಿ ನೋಡಿ ತರಿಸಿದ ಭಸ್ಮವನ್ನು ಜೇನಿನಲ್ಲಿ ಕಲಸುವುದು, ಅಕ್ಷರ ಮರೆಯುತ್ತಾಳೆಂದು ಈಗೀಗ ಅದನ್ನು ಒಂದು ಚಿಟಿಕೆ ಹೆಚ್ಚಿಗೇ ಹಾಕುವುದು, ಜಡೆ ಹೆಣೆಯುವುದು. ಇಷ್ಟರ ನಡುವೆ ಅತ್ತೆ ಯಾವ ಸಂದಿಯಲ್ಲಿ ಬಂದು ಹೋಗುತ್ತಾರೆ?

ಒಳಗೆ ಕರೆದರು. ಇಂಗ್ಲಿಷ್ ಔಷಧಿ, ಆಯುರ್ವೇದ ಎರಡನ್ನೂ ಓದಿಕೊಂಡ ಡಾಕ್ಟರ್ ಶಾಂತಿನಾಥ ಈ ಭಾಗದ ಜೈನರು, ಮನೆಮಾತು ಕನ್ನಡ. ರಿಪೋರ್ಟನ್ನು ಎರಡು ಸಲ ಓದಿದರು.

"ಸೀಸ ಇಳಿದಿಲ್ರಿ. ಏರೇತಿ. ಮನ್ಯಾಗ ಯಾರೋ ಇನ್ನೂ ಏನೋ ಕೊಡಾಕತ್ತಾರ."

ಸಪನಾ ತಡೆದುಕೊಂಡದ್ದೆಲ್ಲ ಕಟ್ಟೆಯೊಡೆಯಿತು. "ನಮ್ಮತ್ತೀನ ರಿ. ಮನಿ ಬಿಡಿಸಿದೆ. ಸತ್ತೂ ಹೋದ್ರು. ಆದ್ರೂ ದಿನಾ ಬಂದು ಕೊಡಾಕತ್ತಾರ. ನನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲೆ ತೀರಿಸಾಕತ್ತಾರ್ರಿ!"

"ಹಂಗಂತ ಯಾರು ಹೇಳಿದ್ರು?"

"ಇವಳ ಹೇಳತಾಳ್ರಿ. ಎಲ್ಲಾರ ಮುಂದೂ ಒಂದ ಮಾತು. ಆಯಿ ಕೊಡತಾಳ ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮಗುವಿನತ್ತ ತಿರುಗಿದರು.

"ಯಾವ ಸಾಲಿ ಪುಟ್ಟಾ ನಿಂದು? ಮರಾಠಿನೋ?"

ಮೃಣ್ಮಯಿ ಹೌದೆಂದು ತಲೆಯಾಡಿಸಿದಳು.

"ಹಂಗಾರ ನನಗೊಂದು ಹೇಳು. ಔಷಧ ಕೊಡೋಳು ಕನ್ನಡ ಆಯಿನೋ, ಮರಾಠಿ ಆಯಿನೋ?"

"ಕನ್ನಡ ಆಯಿ ದೇವರ ಹಂತೇಕ ಹೋಗ್ಯಾಳ," ಎಂದಳು ಮೃಣ್ಮಯಿ. ಇಷ್ಟೂ ತಿಳಿಯದೇ ಎಂಬಂತೆ ಡಾಕ್ಟರನ್ನು ನೋಡಿ, ಸಪನಾಳ ಮಡಿಲೇರಿ ಎರಡೂ ಕೈಯಿಂದ ಅವಳ ಕೊರಳು ತಬ್ಬಿಕೊಂಡಳು. "ಮರಾಠಿ ಆಯಿ ಇವಳ!"