ಒಂದೇ ಸೀಟಿನ ವಿಮಾನ

"ಎಲ್ಲಾ ಸರಿಯಾಗಿದೆ ಯಜಮಾನ್ರೇ, ಅಂಟಿನ ತುಂಡುಗಳೆಲ್ಲಿ?" ಎಂದು ತಪಾಸಣೆಗೆ ಬಂದಿದ್ದ ಅಧಿಕಾರಿ ಬಡಗಿಯನ್ನು ಕೇಳಿದರು. ಏಳು ವರ್ಷ ಹಿತ್ತಲಿನ ಶೆಡ್ಡಿನಲ್ಲಿ ಒಬ್ಬನೇ ಕಟ್ಟಿದ ಮರದ ವಿಮಾನ ನಾಲ್ಕು ಕೋಟು ವಾರ್ನಿಶ್ ಬಳಿಸಿಕೊಂಡು ಎದುರಿಗೇ ಹೊಳೆಯುತ್ತಿತ್ತು. ಅದು ಹಾರಲು ಇನ್ನು ಬೇಕಾಗಿದ್ದದ್ದು ಒಂದೇ ಒಂದು ಸಹಿ. ಆ ಸಹಿ ಹಾಕಬೇಕಾದ ಪುಣ್ಯಾತ್ಮರು ತಾವು ಕೇಳುತ್ತಿದ್ದ ತುಂಡುಗಳ ಮೇಲೆಯೇ ಕೂತಿದ್ದರು.

ಮರದ ವಿಮಾನ ಕಟ್ಟುವವರಿಗೆ ಒಂದು ಕಟ್ಟುಪಾಡಿದೆ. ಅಂಟು ಕಲಸಿದಾಗಲೆಲ್ಲ ಅದೇ ಅಂಟಿನಿಂದ ಎರಡು ಚೂರು ಮರವನ್ನು ಜೋಡಿಸಿ, ಪೆನ್ಸಿಲಿನಲ್ಲಿ ತಾರೀಖು ಬರೆದು ಎತ್ತಿಡಬೇಕು. ರೆಕ್ಕೆ ಮುಚ್ಚಿದ ಮೇಲೆ ಒಳಗಿನ ಜೋಡಣೆ ಕಾಣುವುದಿಲ್ಲವಲ್ಲ, ಈ ತುಂಡನ್ನು ಒಡೆದರೆ ಅದರ ಹಣೆಬರಹ ಗೊತ್ತಾಗುತ್ತದೆ. ಬಡಗಿ ಚಾಚೂ ತಪ್ಪದೆ ಎಲ್ಲವನ್ನೂ ಎತ್ತಿಟ್ಟಿದ್ದ. ಆದರೆ ಮೂವತ್ತು ವರ್ಷ ಬೀರು, ಮಂಚ ಮಾಡಿದ ಕೈ ಅದು. ಒಳ್ಳೆಯ ಮರ ಡಬ್ಬದಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ, ಹೋದ ವರ್ಷ ಅಂಟಿನ ಕೆಲಸ ಮುಗಿದದ್ದೇ ತಡ, ಅರವತ್ತಮೂರು ತುಂಡುಗಳನ್ನೂ ಚೌಕಾಬಾರದ ಮನೆಗಳ ಹಾಗೆ ಸೇರಿಸಿ ಹೆಂಡತಿಗೊಂದು ಸ್ಟೂಲು ಮಾಡಿಕೊಟ್ಟಿದ್ದ. ತಾರೀಖು ಅಳಿಸದಿರಲೆಂದು ಅಡಿಭಾಗಕ್ಕೆ ಉಜ್ಜುಗೊರಡು ಸೋಕಿಸಿರಲಿಲ್ಲ. ಎತ್ತಿಟ್ಟ ಹಾಗೂ ಆಯಿತು, ಕೂರಲಿಕ್ಕೂ ಆಯಿತು ಎಂಬುದು ಅವನ ಲೆಕ್ಕ. ಏಳು ವರ್ಷಗಳಲ್ಲಿ ಶೆಡ್ಡಿನಿಂದ ಮನೆಯೊಳಗೆ ಬಂದದ್ದು ಅದೊಂದೇ, ಮರದ ಪುಡಿಯನ್ನು ಬಿಟ್ಟರೆ. ಇವತ್ತು ಅಧಿಕಾರಿಗೆ ಕೂರಲೆಂದು ಅಡುಗೆಮನೆಯಿಂದ ಅದನ್ನೇ ಶೆಡ್ಡಿಗೆ ತಂದು ಹಾಕಿದ್ದ.

"ಸಾರ್, ನೀವು ಕೂತಿದ್ದೀರಲ್ಲ..." ಎಂದು ಬಡಗಿ ತಲೆ ಕೆರೆದುಕೊಂಡ.

ಅಧಿಕಾರಿ ಗಡಬಡಿಸಿ ಎದ್ದು ಸ್ಟೂಲನ್ನು ಮಗುಚಿದರು. ಅಡಿಯಲ್ಲಿ ಸಾಲುಸಾಲಾಗಿ ಪೆನ್ಸಿಲಿನ ತಾರೀಖುಗಳು. ಅಷ್ಟರಲ್ಲಿ ಹೆಂಡತಿ ಎರಡು ಲೋಟ ಚಹಾ ಹಿಡಿದು ಬಾಗಿಲಿಗೆ ಬಂದಿದ್ದಳು. ಅವಳಿಗೆ ಬಗ್ಗಿ ನೋಡುವ ಅಗತ್ಯವೇ ಇರಲಿಲ್ಲ.

"ಆ ಮೂಲೇದು ನನಗೆ ಆಪರೇಷನ್ ಆದ ದಿನದ್ದು ಸಾರ್. ಮಧ್ಯದ್ದು ಮಗಳ ಮದುವೆ ದಿನದ್ದು. ಇವ್ರು ಊಟದ ಹೊತ್ತಿಗೆ ಬಂದ್ರು."

"ಅಂಟು ಕಲಸಿಬಿಟ್ಟಿದ್ದೆ ಕಣೇ," ಎಂದ ಬಡಗಿ. "ಕಲಸಿದ ಅಂಟು ಯಾರಿಗೂ ಕಾಯಲ್ಲ. ಅರ್ಧ ಗಂಟೇಲಿ ಕಲ್ಲಾಗಿಬಿಡುತ್ತೆ."

"ಅದು ನಿಜ," ಎಂದು ಅಧಿಕಾರಿ ಗಂಭೀರವಾಗಿ ತಲೆದೂಗಿದರು. "ಆದ್ರೆ ಈಗಿರೋದು ಎರಡೇ ದಾರಿ. ರೆಕ್ಕೆ ಕೊಯ್ದು ಒಳಗೆ ನೋಡ್ಬೇಕು, ಇಲ್ಲಾ ಇದನ್ನ ಒಡೀಬೇಕು. ಸುಮ್ಮನೆ ಸಹಿ ಹಾಕೋಕೆ ನನ್ನಿಂದಾಗಲ್ಲ."

ಬಡಗಿ ಮೊದಲು ರೆಕ್ಕೆಯನ್ನು ನೋಡಿದ. ಆಮೇಲೆ ಸ್ಟೂಲನ್ನು ನೋಡಿದ. ಹೆಂಡತಿಯ ಮುಖ ನೋಡಿದ್ದು ಕೊನೆಗೆ. ಆ ಸ್ಟೂಲಿನ ಮೇಲೆ ಕೂತೇ ಅವಳು ತರಕಾರಿ ಹೆಚ್ಚುತ್ತಿದ್ದಳು, ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ತನ್ನ ಹಳೆಯ ಸೀರೆಯಿಂದ ಅದಕ್ಕೊಂದು ದಿಂಬು ಹೊಲಿದು ನಾಲ್ಕು ಕಡೆ ದಾರ ಕಟ್ಟಿದ್ದಳು. ಅವನಿಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದೇ ನಾಚಿಕೆಯಾಯಿತು. ಆದರೂ ಬಾಯಿಗೆ ಬಂದದ್ದು ಬೇರೆ ಮಾತು.

"ನಿಂಗೆ ಇದರಪ್ಪನಂಥ ಸ್ಟೂಲು ಮಾಡ್ಕೊಡ್ತೀನಿ."

"ಯಾವಾಗ?"

"ಇದೊಂದು ಹಾರಿಬಿಡ್ಲಿ."

ಅವಳು ಲೋಟಗಳನ್ನು ಕೆಳಗಿಟ್ಟು, ದಿಂಬಿನ ನಾಲ್ಕೂ ಗಂಟು ಬಿಚ್ಚಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡಳು. "ಒಡೀರಿ," ಎಂದವಳು ತಿರುಗಿ ನೋಡದೆ ಮನೆಯೊಳಗೆ ಹೋದಳು.

ಬಡಗಿಯೇ ಗರಗಸ ಹಿಡಿದು ಸ್ಟೂಲನ್ನು ತುಂಡು ತುಂಡಾಗಿ ಬಿಡಿಸಿದ. ಅಧಿಕಾರಿ ಒಂದೊಂದನ್ನೂ ಉಳಿಯಿಟ್ಟು ಸುತ್ತಿಗೆಯಿಂದ ಬಡಿದು, ಕನ್ನಡಕ ಏರಿಸಿ ನೋಡಿದರು. ಎಲ್ಲದರಲ್ಲೂ ಮರ ಸಿಗಿದು ಬಂದಿತ್ತೇ ಹೊರತು ಅಂಟು ಬಿಟ್ಟಿರಲಿಲ್ಲ.

"ಶಭಾಷ್!" ಎಂದು ಅವರು ಮನೆಯೊಳಗಿದ್ದವರಿಗೂ ಕೇಳುವಂತೆ ಹೊಗಳಿದರು. "ಇಂಥ ಜೋಡಣೆ ನಾನು ನೋಡೇ ಇಲ್ಲ. ಅದರಲ್ಲೂ ಆ ಆಪರೇಷನ್ ದಿನದ್ದು ಇದೆಯಲ್ಲ, ಬಂಡೆ ಬಂಡೆ! ಮನಸ್ಸಿಟ್ಟು ಕೆಲಸ ಮಾಡಿದ್ದೀರಿ."

ಸಹಿ ಬಿತ್ತು. ಆ ದಿನವೆಲ್ಲ ಬಡಗಿಯ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ನಿಂತೇ ತರಕಾರಿ ಹೆಚ್ಚಿದಳು, ನಿಂತೇ ಮಗಳ ಜೊತೆ ಮಾತಾಡಿದಳು. ಒಂದು ಮಾತು ಬೈಯಲಿಲ್ಲ. ಕೋಪ ಇಳಿದಿದೆ ಎಂದುಕೊಂಡು ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ವಿಮಾನವನ್ನು ಬಯಲಿಗೆ ಒಯ್ಯುವ ಲಾರಿ ಬಂತು. ಬಡಗಿ ಸಿಳ್ಳೆ ಹಾಕುತ್ತ ಹೋಗಿ ಶೆಡ್ಡಿನ ಬಾಗಿಲು ತಳ್ಳಿ, ಅಲ್ಲೇ ನಿಂತುಬಿಟ್ಟ. ವಿಮಾನದಲ್ಲಿದ್ದ ಒಂದೇ ಸೀಟಿನಲ್ಲಿ, ಸೀರೆಯ ದಿಂಬು ಹಾಕಿಕೊಂಡು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಹೆಂಡತಿ ಬಟಾಣಿ ಬಿಡಿಸುತ್ತಿದ್ದಳು. ತೂಕ ಉಳಿಸಲೆಂದು ಅವನು ತೂತು ಕೊರೆದಿದ್ದ ಪೆಡಲುಗಳ ಮೇಲೆ ಸಿಪ್ಪೆ ಬೀಳುತ್ತಿತ್ತು.

"ಏನೇ ಇದು! ಇಳಿಯೇ, ಲಾರಿ ಬಂದಿದೆ."

"ಅಡುಗೆಮನೇಲಿ ಕೂರೋಕೆ ಏನೂ ಇಲ್ಲ."

ಹೊರಗೆ ಲಾರಿಯವನು ಹಾರ್ನ್ ಹೊಡೆದ. "ಬೇಗ ಇಳಿ ಮಾರಾಯ್ತಿ, ಅವನು ಕಾಯಲ್ಲ!" ಎಂದು ಬಡಗಿ ಅಂಗಲಾಚಿದ.

ಹೆಂಡತಿ ಇನ್ನೊಂದು ಬಟಾಣಿಕಾಯಿಯನ್ನು ಕೈಗೆತ್ತಿಕೊಂಡಳು.

"ಹೋಗಿ ಅಂಟು ಕಲಸಿ," ಎಂದಳು. "ನಾನು ಕಾಯ್ತೀನಿ."