ಎಂಜಿನ್ ಬೇಡ

"ನಿಮ್ಮ ಕಂಬ, ತಂತಿ ತಗೋತೀವಿ. ಎಂಜಿನ್ ಬೇಡ," ಎಂದರು ವಿದ್ಯುತ್ ಬೋರ್ಡಿನ ಇಂಜಿನಿಯರ್ ವರದರಾಜ.

ಶಿಡ್ಲಘಟ್ಟದ ಪೇಟೆ ಬೀದಿಗಳಿಗೆ ಸಂಜೆಯ ದೀಪ ಕೊಡುತ್ತಿದ್ದ ಆ ಎಣ್ಣೆ ಎಂಜಿನ್ನಿನ ಮಾಲೀಕನೂ ಮುನಿಗಂಗಪ್ಪನೇ, ದಿನಾ ಅದನ್ನು ತಿರುಗಿಸಿ ಎಬ್ಬಿಸುವವನೂ ಅವನೇ.

"ಕರೆಂಟು ನಾನು ಹುಟ್ಟಿಸ್ತೀನಿ ಸ್ವಾಮಿ, ನೀವು ಕೊಂಡು ಹಂಚಿ. ನಮ್ಮೂರಲ್ಲಿ ರೇಷ್ಮೆಗೂಡು ಬೆಳೆಯೋನು ಒಬ್ಬ, ನೂಲು ತೆಗೆಯೋನು ಇನ್ನೊಬ್ಬ. ನಡೀತಾ ಇಲ್ವಾ?"

"ನಡೆಯುತ್ತೆ, ದಿನಾ ಕಿತ್ತಾಡ್ಕೊಂಡು!" ವರದರಾಜ ನಕ್ಕರು. "ಬೋರ್ಡಿಗೆ ಆ ಜಗಳ ಬೇಡಪ್ಪ. ಹುಟ್ಟಿಸೋದೂ ನಾವೇ, ಹಂಚೋದೂ ನಾವೇ. ಜೋಗದ ಕರೆಂಟು, ಅಗ್ಗ."

"ಅಲ್ಲೆಲ್ಲೋ ಕೆಟ್ರೆ?"

"ರಿಪೇರಿ ಮಾಡ್ತೀವಿ."

"ಅಲ್ಲೀವರ್ಗೂ?"

ವರದರಾಜ ಎಂಜಿನ್ನಿನ ಚಕ್ರದ ಮೇಲೆ ಕೈಯಿಟ್ಟು, "ಚೆನ್ನಾಗಿ ಇಟ್ಕೊಂಡಿದ್ದೀರಿ. ಯಾವುದಾದ್ರೂ ಅಕ್ಕಿ ಮಿಲ್ಲಿನೋರಿಗೆ ಕೊಟ್ಬಿಡಿ," ಎಂದು ಹೊರಟರು.

ಬೋರ್ಡಿನ ಕರೆಂಟು ಬಂದ ದಿನ ಹೊತ್ತು ಇಳಿಯುತ್ತಲೇ ಮುನಿಗಂಗಪ್ಪ ಎಂದಿನಂತೆ ಎಂಜಿನ್ ಕಡೆ ಹೊರಡಲು ಎದ್ದು ಚಪ್ಪಲಿ ಮೆಟ್ಟಿದ. ಹೆಂಡತಿ ಶ್ಯಾಮಲಮ್ಮ ನೋಡಿದಳು, ತಡೆಯಲಿಲ್ಲ. ಅವನು ಹೊಸಲು ದಾಟುವಷ್ಟರಲ್ಲಿ ತಲೆಯ ಮೇಲಿನ ಬಲ್ಬು ತಾನಾಗಿಯೇ ಹತ್ತಿಕೊಂಡಿತು. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ನಿಂತ. ಮೆಲ್ಲಗೆ ಚಪ್ಪಲಿ ಬಿಟ್ಟು ಬಂದು ಗೋಡೆಗೆ ಒರಗಿ ಕೂತ. ಮದುವೆಯಾದಾಗಿನಿಂದ ಈ ಹೊತ್ತಿನಲ್ಲಿ ಅವನು ಮನೆಯಲ್ಲಿ ಕೂತದ್ದೇ ಇಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡ.

"ಇನ್ಮೇಲೆ ನನ್ನಿಂದ ಯಾರಿಗೇನು ಕೆಲ್ಸ?" ಎಂದ.

ಶ್ಯಾಮಲಮ್ಮ ಅವರೆಕಾಳು ಹಿಚುಕುತ್ತಲೇ ಇದ್ದಳು.

"ದಿನಾ ಸಂಜೆ ಒಬ್ಳೇ ಏನ್ಮಾಡ್ತಿದ್ದೆ ನೀನು?"

"ಬಲ್ಬು ನೋಡ್ತಿದ್ದೆ."

"ಬಲ್ಬಲ್ಲಿ ಏನಿರ್ತದೆ ನೋಡಾಕೆ?"

"ಸಮನಾಗಿ ಉರೀತಿದ್ರೆ ನೀವು ಚೆನ್ನಾಗಿದ್ದೀರ ಅಂತ. ಮಿಣುಕಿದ್ರೆ ಎದೆ ಹೊಡ್ಕೊಳ್ಳೋದು. ಎಂಜಿನ್ ಬೆಲ್ಟಿಗೆ ಕೈ ಸಿಕ್ಕೊಂಡ್ತೇನೋ ಅಂತ."

ಮುನಿಗಂಗಪ್ಪ ಅವಳ ಮುಖವನ್ನೇ ನೋಡಿದ. "ಈಗ?" ಎಂದ.

"ಈಗ ಅದ್ರಲ್ಲಿ ಏನಿದೆ?" ಎಂದು ಶ್ಯಾಮಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಸ್ವಿಚ್ಚು ಆರಿಸಿ, ಕತ್ತಲಲ್ಲಿ ಅವನ ಪಕ್ಕ ಬಂದು ಕೂತಳು.

ಅಂದು ಪೇಟೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ದೀಪವಿತ್ತು, ಮುನಿಗಂಗಪ್ಪನದೊಂದು ಬಿಟ್ಟು.